ಎರಡು ನದಿಗಳ ನಡುವೆ ಒಂದು ಹಳೇ ಜಗಳ: ರಾಯಚೂರಿನಿಂದ ಹಂಪಿಗೆ

ಕೃಷ್ಣದೇವರಾಯ 1520ರಲ್ಲಿ ರಾಯಚೂರು ಕೋಟೆ ಗೆದ್ದ. ಶಾಲೆಯಲ್ಲಿ ಓದಿದ ಎಲ್ಲರಿಗೂ ಇದು ಗೊತ್ತು. ಆದರೆ ಆ ಯುದ್ಧ ಮಾಡಲೇಬೇಕಿತ್ತಾ? ಈ ಪ್ರಶ್ನೆಗೆ ನಮ್ಮ ಪರೀಕ್ಷೆಯಲ್ಲಿ ಅಂಕ ಇರಲಿಲ್ಲ.

ನನ್ನ ಸೋದರಮಾವ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಅವರ ಪ್ರಕಾರ ಅದು ನೂರಕ್ಕೆ ನೂರು ನ್ಯಾಯದ ಯುದ್ಧ. ನನ್ನ ಗೆಳೆಯ ವಕೀಲ. ಅವನ ಪ್ರಕಾರ ಅದು ಸಾಲ ವಸೂಲಿಗೆ ಆನೆ, ಫಿರಂಗಿ ಕರ್ಕೊಂಡು ಹೋದ ಕೇಸು. ಇಬ್ಬರೂ ಸೇರಿದಾಗಲೆಲ್ಲ ಇದೇ ಜಗಳ. ಕೇಳಿ ಕೇಳಿ ಸಾಕಾಗಿ, ಜಗಳವನ್ನು ಆ ಜಾಗಕ್ಕೇ ತಗೊಂಡು ಹೋಗೋಣ ಅಂತ ನಾನೇ ಹೊರಡಿಸಿದೆ.

ಜಾಗದ ಬಗ್ಗೆ ಮೊದಲು ಎರಡು ಮಾತು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡೂ ಪೂರ್ವಕ್ಕೆ ಹರಿದು ಆಲಂಪುರದ ಹತ್ತಿರ ಸೇರುತ್ತವೆ. ಇವುಗಳ ನಡುವಿನ ನೆಲಕ್ಕೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಅಂತ ಹೆಸರು. ಇತಿಹಾಸದ ಪುಸ್ತಕಗಳಲ್ಲಿ ರಾಯಚೂರು ದೋಆಬ್. ದಕ್ಷಿಣದಲ್ಲಿ ವಿಜಯನಗರ, ಉತ್ತರದಲ್ಲಿ ಬಹಮನಿಗಳು, ಅವರ ನಂತರ ವಿಜಯಪುರದ ಆದಿಲ್ ಶಾಹಿಗಳು. ಇವರ ನಡುವೆ ಹತ್ತಿರಹತ್ತಿರ ಇನ್ನೂರು ವರ್ಷ ಈ ನೆಲ ಚೆಂಡಿನ ಹಾಗೆ ಕೈ ಬದಲಾಯಿಸಿತು.

ಶುಕ್ರವಾರ, ರಾಯಚೂರು

ರಾತ್ರಿ ರೈಲಿನಲ್ಲಿ ಬಂದು ಇಳಿದೆವು. ಜನವರಿ ಆದರೂ ಹತ್ತು ಗಂಟೆಗೇ ಬಿಸಿಲು ಚುರುಕು. ಬಾಡಿಗೆಗೆ ಹಿಡಿದ ಕಾರಿನ ಡ್ರೈವರ್ ಇಲ್ಲಿಯವರೇ. ಮೊದಲು ಒಗ್ಗರಣೆ ಮಿರ್ಚಿ ತಿನ್ನಿಸಿ, ಆಮೇಲೆ ಕೋಟೆ ತೋರಿಸಿದರು. "ಹೊಟ್ಟಿ ತುಂಬಿದ್ ಮ್ಯಾಲೆ ಇತಿಹಾಸ ಛಲೋ ಕಾಣ್ತದ ನೋಡ್ರಿ" ಅಂದರು. ಮಂಡಕ್ಕಿ ಒಗ್ಗರಣೆ ಮುಗಿಸಿದ ಮೇಲೆ ಮಾವನೂ ಒಪ್ಪಿದರು.

ಕೋಟೆ ಊರಿನ ಹೊರಗೆಲ್ಲೋ ಇಲ್ಲ. ಊರೇ ಕೋಟೆಯೊಳಗೆ, ಸುತ್ತಮುತ್ತ ಬೆಳೆದುಕೊಂಡಿದೆ. ಒಳಗೋಡೆಯಲ್ಲಿ ಒಂದು ಕಲ್ಲು ಇದೆ. ಕಲ್ಲು ಅಂದರೆ ಚಪ್ಪಡಿಯಲ್ಲ. ಸುಮಾರು 41 ಅಡಿ ಉದ್ದದ ಒಂದೇ ತುಂಡು. ಅದರ ಮೇಲೆ 1294ರ ತೆಲುಗು ಶಾಸನ ಇದೆ. ಕಾಕತೀಯರ ಸೇನಾನಿ ವಿಠ್ಠಲ ಈ ಕೋಟೆ ಕಟ್ಟಿಸಿದ ಕಾಲದ್ದು. ಪಕ್ಕದಲ್ಲೇ ಗೆರೆ ಕೊರೆದು ಒಂದು ಚಿತ್ರ ಬಿಡಿಸಿದ್ದಾರೆ. ಇದೇ ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಜೋಡಿ ಜೋಡಿ ಕೋಣಗಳ ಉದ್ದನೆ ಸಾಲು. ಚಕ್ರದ ಹಿಂದೆ ಮೀಟುಗೋಲು ಒತ್ತುತ್ತಿರುವ ಆಳುಗಳು. ಕಟ್ಟಿದವರ ಹೆಸರು ಬರೆಸುವುದು ಎಲ್ಲ ಕಡೆ ಇದ್ದದ್ದೇ. ಎಳೆದವರನ್ನು ಕೆತ್ತಿಸಿದ್ದು ನಾನು ಕಂಡಿದ್ದು ಇಲ್ಲೇ. ನಾನು ಅಲ್ಲಿಂದ ಕದಲಲೇ ಇಲ್ಲ. ಮಾವನಿಗೆ ಮುಂದಿನ ದರ್ವಾಜ ನೋಡುವ ಆತುರ.

ಮೊದಲ ವಾದ ಶುರುವಾಗಿದ್ದು ಅಲ್ಲೇ.

"ನೋಡು ಮರಿ, ಈ ಕೋಟೆ ಬಹಮನಿಗಳು ಕಟ್ಟಿದ್ದಲ್ಲ. ಅವರ ರಾಜ್ಯ ಹುಟ್ಟಿದ್ದೇ 1347ರಲ್ಲಿ. ಅವರು ಬಂದು ಹಿಡಿದುಕೊಂಡಿದ್ದು. ಅದನ್ನ ವಾಪಸ್ ತಗೊಳ್ಳೋದು ಆಕ್ರಮಣ ಹೇಗಾಗುತ್ತೆ?"

ಗೆಳೆಯ ಶಾಸನ ತೋರಿಸಿದ. "ಮೇಷ್ಟ್ರೇ, ಮೂಲ ಪತ್ರ ಕಾಕತೀಯರ ಹೆಸರಲ್ಲಿದೆ. ವಿಜಯನಗರದ ಹೆಸರಲ್ಲಿ ಇಲ್ಲ. ವಾಪಸ್ ಅನ್ನೋದಾದ್ರೆ ಅವರ ರಾಜಧಾನಿ ವಾರಂಗಲ್‌ಗೆ ಕೊಡಬೇಕಾಗುತ್ತೆ."

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೊದಲ ಸುತ್ತು ವಕೀಲನದ್ದು ಅಂತ ನಾನು ಮನಸ್ಸಲ್ಲೇ ಬರೆದುಕೊಂಡೆ. ಯಾರದ್ದು ಮೊದಲು ಅನ್ನುವ ವಾದ ಎಲ್ಲಿ ನಿಲ್ಲಿಸಿದರೂ ಒಬ್ಬರಿಗೆ ಅನುಕೂಲ, ಇನ್ನೊಬ್ಬರಿಗೆ ಅನ್ಯಾಯ. ಕಾಕತೀಯರ ಹಿಂದೆ ಇನ್ಯಾರೋ, ಅವರ ಹಿಂದೆ ಮತ್ಯಾರೋ. ಗಡಿಯ ಯುದ್ಧಗಳಲ್ಲಿ ಎಲ್ಲರೂ ಮೊದಲು ಹಿಡಿಯುವ ವಾದ ಇದೇ. ಅದೇ ಎಲ್ಲಕ್ಕಿಂತ ಸಡಿಲ.

ಏಕ್ ಮಿನಾರ್ ಮಸೀದಿಗೆ ಹೋದೆವು. ಹೆಸರೇ ಹೇಳುವಂತೆ ಒಂದೇ ಮಿನಾರು. 1513ರದ್ದು. ಯುದ್ಧ ಬಂದಾಗ ಈ ಮಿನಾರಿಗೆ ಏಳು ವರ್ಷ. ನವರಂಗಿ ದರ್ವಾಜದಲ್ಲಿ ವಿಜಯನಗರದ ಕಾಲದ ಉಬ್ಬುಕೆತ್ತನೆಗಳಿವೆ. ಆಮೇಲೆ ಬಾಲಾಹಿಸಾರ್ ಬೆಟ್ಟ ಹತ್ತಿದೆವು. ಮೇಲಿಂದ ಕೆರೆ, ಊರು, ಕೋಟೆಯ ಎರಡು ಸುತ್ತು ಎಲ್ಲ ಕಾಣುತ್ತವೆ. ಮುತ್ತಿಗೆ ಹೇಗೆ ನಡೆದಿರಬಹುದು ಅಂತ ಊಹಿಸಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಯುದ್ಧದ ವಿವರ ನಮಗೆ ಸಿಗುವುದು ಜಾಸ್ತಿ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫರ್ನಾವೊ ನ್ಯೂನಿಜ್ ಬರೆದದ್ದರಿಂದ. ಅವನು ವಿಜಯನಗರದಲ್ಲಿ ಇದ್ದದ್ದು 1535ರ ಸುಮಾರಿಗೆ. ಅವನು ಹೇಳುವ ಕಾರಣ ಹೀಗಿದೆ. ರಾಯ ಸೈಯದ್ ಮರಕ್ಕಾರ್ ಎಂಬ ವ್ಯಾಪಾರಿಯ ಕೈಗೆ 40,000 ಪರ್ದಾವ್ ಕೊಟ್ಟು ಗೋವಾದಿಂದ ಕುದುರೆ ತರಲು ಕಳಿಸಿದ. ಪರ್ದಾವ್ ಅಂದರೆ ನಮ್ಮ ವರಹ. ಆ ಮನುಷ್ಯ ಹಣದ ಸಮೇತ ಆದಿಲ್ ಶಾಹಿ ಸೀಮೆಗೆ ಓಡಿಹೋದ. ತಪ್ಪಿಸಿಕೊಂಡು ಬಂದ ಸಾಲಗಾರರನ್ನು, ಅಪರಾಧಿಗಳನ್ನು ಇಟ್ಟುಕೊಳ್ಳುವುದಿಲ್ಲ ಅಂತ ಎರಡೂ ರಾಜ್ಯಗಳಿಗೆ ಒಪ್ಪಂದ ಇತ್ತು. ರಾಯ ಕೇಳಿದ. ಇಸ್ಮಾಯಿಲ್ ಆದಿಲ್ ಶಾ ಕೊಡಲಿಲ್ಲ. ಯುದ್ಧ.

"ಒಪ್ಪಂದ ಮುರಿದವರು ಯಾರು?" ಮಾವ ಕೈ ಕಟ್ಟಿ ನಿಂತರು.

ಗೆಳೆಯ ಮೊಬೈಲ್ ತೆಗೆದು ಲೆಕ್ಕ ಹಾಕಿದ. ನ್ಯೂನಿಜ್‌ನೇ ಇನ್ನೊಂದು ಕಡೆ ಬರೆದಿದ್ದಾನೆ, ರಾಯನಿಗಿಂತ ಮುಂಚೆ ವಿಜಯನಗರ ಆಳಿದ ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರು ಕುದುರೆ ಕೊಳ್ಳುತ್ತಿದ್ದ ಅಂತ. ದಾರಿಯಲ್ಲಿ ಹಡಗಿನಲ್ಲೇ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ದುಡ್ಡು ಕೊಡುತ್ತಿದ್ದನಂತೆ. ಆ ದರಕ್ಕೆ 40,000ಕ್ಕೆ 120 ಕುದುರೆ. "ಅದೇ ನ್ಯೂನಿಜ್ ಹೇಳೋ ಪ್ರಕಾರ ರಾಯ ರಾಯಚೂರಿಗೆ ತಂದ ಕುದುರೆ 32,600. ನೂರಿಪ್ಪತ್ತು ಕುದುರೆಯ ಬಾಕಿಗೆ ಮೂವತ್ತೆರಡು ಸಾವಿರ ಕುದುರೆ ಮೇಲೆ ಬಂದ್ರೆ ಅದನ್ನ ವಸೂಲಿ ಅಂತ ಯಾವ ಕೋರ್ಟೂ ಒಪ್ಪಲ್ಲ."

ಕಾಲಾಳು ಏಳು ಲಕ್ಷ ದಾಟಿತ್ತು ಅಂತಲೂ ನ್ಯೂನಿಜ್ ಬರೆಯುತ್ತಾನೆ. ಅದನ್ನು ನಂಬುವುದು ಕಷ್ಟ. ಅಷ್ಟು ಬಾಯಿಗೆ ನೀರು ಎಲ್ಲಿಂದ ತರುತ್ತಿದ್ದರು? ಆದರೂ ದೊಡ್ಡ ದಂಡು ಎನ್ನುವುದರಲ್ಲಿ ಅನುಮಾನ ಇಲ್ಲ. ಅಷ್ಟು ದೊಡ್ಡ ದಂಡು ಒಬ್ಬ ವ್ಯಾಪಾರಿ ಓಡಿಹೋದ ಸಿಟ್ಟಿಗೆ ದಿಢೀರನೆ ಎದ್ದು ಬರುವುದಿಲ್ಲ. ತಯಾರಿ ಮೊದಲೇ ಇತ್ತು. ನೆಪ ಆಮೇಲೆ ಸಿಕ್ಕಿತು. ಇದಕ್ಕೆ ಸಾಕ್ಷಿಯನ್ನೂ ನ್ಯೂನಿಜ್‌ನೇ ಕೊಡುತ್ತಾನೆ. ಸಾಳುವ ನರಸಿಂಹ ಸಾಯುವಾಗ ರಾಯಚೂರು, ಉದಯಗಿರಿಯಂಥ ಕೋಟೆಗಳನ್ನು ಗೆಲ್ಲಬೇಕು ಅಂತ ಹೇಳಿ ಹೋಗಿದ್ದ. ಆತ ಸತ್ತದ್ದು 1491ರಲ್ಲಿ. ರಾಯನಿಗೆ ಉದಯಗಿರಿ ಆಗಲೇ ಸಿಕ್ಕಿತ್ತು. ಉಳಿದಿದ್ದು ರಾಯಚೂರು.

ಇದೇ ಯುದ್ಧವನ್ನು ವಿಜಯಪುರದ ಆಸ್ಥಾನದಲ್ಲಿದ್ದ ಫಿರಿಶ್ತಾ ಬೇರೆ ರೀತಿ ಹೇಳುತ್ತಾನೆ. ಅವನು ಬರೆದದ್ದು ಯುದ್ಧವಾಗಿ ಎಂಬತ್ತು ವರ್ಷ ಕಳೆದ ಮೇಲೆ. ಅವನ ಪ್ರಕಾರ ರಾಯಚೂರು, ಮುದಗಲ್ಲು ಮೊದಲೇ ವಿಜಯನಗರದ ಕೈಯಲ್ಲಿದ್ದವು. ಅವನ್ನು ಬಿಡಿಸಿಕೊಳ್ಳಲು ಬಂದವನು ಇಸ್ಮಾಯಿಲ್. ಕುಡಿದ ಅಮಲಿನಲ್ಲಿ ತೆಪ್ಪ ಹತ್ತಿ ನದಿ ದಾಟಿ ಪೆಟ್ಟು ತಿಂದ. ಎರಡೂ ಕೋಟೆ ವಾಪಸ್ ಬರುವವರೆಗೆ ಕುಡಿಯುವುದಿಲ್ಲ ಅಂತ ಆಮೇಲೆ ಆಣೆ ಮಾಡಿದ. ಅಂದರೆ ಯಾರು ಮುತ್ತಿದರು, ಯಾರು ಕಾಪಾಡಿಕೊಂಡರು ಅನ್ನುವುದೇ ಎರಡು ಪುಸ್ತಕದಲ್ಲಿ ಉಲ್ಟಾ. ಮಾವನಿಗೆ ಫಿರಿಶ್ತಾ ಅಂದರೆ ಅಷ್ಟಕ್ಕಷ್ಟೆ. ಆದರೆ ಆ ಮಧ್ಯಾಹ್ನ ಅವರ ವಾದಕ್ಕೆ ಅನುಕೂಲವಾಗಿದ್ದು ಅವನೇ!

ಮುತ್ತಿಗೆಯ ಒಂದು ವಿವರ ನನ್ನನ್ನು ಬಿಡಲಿಲ್ಲ. ಗೋಡೆ ಒಡೆಯಲು ಹೋದ ಆಳುಗಳು ಕೋಟೆಯ ಕಲ್ಲು ಕಿತ್ತು ತಂದರೆ ಗಾತ್ರ ನೋಡಿ ಹತ್ತರಿಂದ ಐವತ್ತು ಹಣದವರೆಗೆ ಕೊಡುತ್ತಿದ್ದರಂತೆ. ಹಣ ಅಂದರೆ ಆಗಿನ ಒಂದು ಸಣ್ಣ ನಾಣ್ಯ. ಮೇಲಿನಿಂದ ಗುಂಡು, ಬಾಣ. ಕೆಳಗೆ ಕಲ್ಲಿಗೆ ರೇಟು. ಆಮೇಲೆ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸ್ ತನ್ನ ಇಪ್ಪತ್ತು ಬಂದೂಕಿನವರೊಂದಿಗೆ ಸೇರಿಕೊಂಡ. ಗೋಡೆಯ ಮೇಲೆ ತಲೆ ಎತ್ತಿದವರನ್ನೆಲ್ಲ ಹೊಡೆದ. ಕೋಟೆಯ ನಾಯಕ ಇಣುಕಿ ನೋಡುವಾಗ ಗುಂಡು ತಾಗಿ ಸತ್ತ. ಕೋಟೆ ಶರಣಾಯಿತು.

ಸಂಜೆ ಡ್ರೈವರ್ ನಮ್ಮನ್ನು ಶಕ್ತಿನಗರದ ಕಡೆ ಕರೆದುಕೊಂಡು ಹೋದರು. ದೇವಸೂಗೂರಿನ ಹತ್ತಿರ ಕೃಷ್ಣೆಗೆ ನಿಜಾಮರ ಕಾಲದ ಸೇತುವೆ ಇದೆ. ಪಕ್ಕದಲ್ಲಿ ಥರ್ಮಲ್ ಸ್ಥಾವರದ ಚಿಮಣಿಗಳು. ಆ ದಡ ಈಗ ತೆಲಂಗಾಣ. ಕೋಟೆ ಶರಣಾಗುವ ಮೊದಲೇ ಬಯಲಿನ ಯುದ್ಧ ನಡೆದದ್ದು ಕೃಷ್ಣೆಯ ಈ ಕಡೆಯ ನೆಲದಲ್ಲಿ, 1520ರ ಮೇ 19ರಂದು. ಆದಿಲ್ ಶಾಹಿ ಫಿರಂಗಿಗಳು ಒಟ್ಟಿಗೆ ಗುಡುಗಿದಾಗ ವಿಜಯನಗರದ ಮುಂಚೂಣಿ ಚೆಲ್ಲಾಪಿಲ್ಲಿಯಾಯಿತು. ಆಗ ರಾಯ ಬೆರಳಿನ ಉಂಗುರ ತೆಗೆದು ಹುಡುಗನೊಬ್ಬನ ಕೈಗೆ ಕೊಟ್ಟನಂತೆ, ತಾನು ಸತ್ತರೆ ರಾಣಿಯರಿಗೆ ಗುರುತು ತೋರಿಸಲಿ, ಅವರು ಚಿತೆ ಏರಲಿ ಅಂತ. ಆಮೇಲೆ ತಾನೇ ಮುನ್ನುಗ್ಗಿದ. ಸುಲ್ತಾನನ ದಂಡು ನದಿಗೆ ಬಿತ್ತು. ನೀರಿನಲ್ಲೇ ಜನ ಸತ್ತರು. ವಿಜಯನಗರದ ಕಡೆಯೇ 16,000ಕ್ಕೂ ಜಾಸ್ತಿ ಹೆಣ ಬಿದ್ದವು ಅಂತ ನ್ಯೂನಿಜ್ ಬರೆದಿದ್ದಾನೆ.

ಅಲ್ಲಿಗೆ ರಾಯ ಬೆನ್ನಟ್ಟುವುದನ್ನು ನಿಲ್ಲಿಸಿದ. ಸಾಯುತ್ತಿರುವವರಲ್ಲಿ ತಪ್ಪು ಮಾಡದವರೇ ಬಹಳ, ಆದಿಲ್ ಶಾ ಮಾಡಿದ್ದಕ್ಕೆ ಆಗಲೇ ಅನುಭವಿಸಿದ್ದಾನೆ ಎನ್ನುವ ಅರ್ಥದ ಮಾತು ಆಡಿದನಂತೆ. ಮಾವ ಈ ಮಾತನ್ನು ಸೇತುವೆ ಮೇಲೆ ನಿಂತು ಎರಡು ಸಲ ಹೇಳಿದರು. ಗೆಳೆಯ ಎದುರು ಮಾತಾಡಲಿಲ್ಲ.

ಶನಿವಾರ, ಮಸ್ಕಿ ಮತ್ತು ಮುದಗಲ್ಲು

ಮಾನ್ವಿ ದಾಟಿ ಸಿಂಧನೂರಿನ ಕಡೆ ಹೊರಟರೆ ಎರಡೂ ಕಡೆ ಭತ್ತದ ಗದ್ದೆ. ಸೋನಾ ಮಸೂರಿ ಸೀಮೆ ಇದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಇದನ್ನು ನೋಡಿದರೆ ಈ ನೆಲಕ್ಕೆ ಯಾಕೆ ಬಡಿದಾಡಿದರು ಅಂತ ತಕ್ಷಣ ಅರ್ಥವಾದ ಹಾಗೆ ಅನಿಸುತ್ತದೆ. ಆದರೆ ಕಾಲುವೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ರಾಯನ ಕಾಲದಲ್ಲಿ ಇಲ್ಲಿ ಮಳೆ ನಂಬಿದ ಎರೆಭೂಮಿ, ಜೋಳ, ಹತ್ತಿ. ಜೊತೆಗೆ ನೆಲದೊಳಗೆ ಚಿನ್ನ. ಹಟ್ಟಿಯ ಗಣಿ ಇದೇ ದೋಆಬಿನಲ್ಲಿದೆ. ಅಲ್ಲಿ ಬಹಳ ಪುರಾತನ ಕಾಲದಲ್ಲೇ ಅಗೆದ ಗುರುತುಗಳಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಕೋಟೆಗಳು. ಇಲ್ಲಿ ಕೂತವನಿಗೆ ಎದುರಾಳಿಯ ರಾಜಧಾನಿಯ ದಾರಿ ತೆರೆದಿರುತ್ತದೆ. ಹಂಪಿ ತುಂಗಭದ್ರೆಯ ದಡದಲ್ಲೇ ಇದೆ ಅಲ್ವಾ? ದೋಆಬ್ ಶತ್ರುವಿನ ಕೈಯಲ್ಲಿದ್ದರೆ ಹೊಳೆಯಾಚೆಯೇ ಶತ್ರು.

ಮಾವನ ವಾದದಲ್ಲಿ ನನಗೆ ಗಟ್ಟಿ ಅನಿಸಿದ್ದು ಇದೊಂದೇ. ವಂಶದ ಹಕ್ಕು, ಸಾಲದ ಬಾಕಿ ಎಲ್ಲ ಪಕ್ಕಕ್ಕಿಡಿ. ಮನೆ ಬಾಗಿಲಲ್ಲಿ ಎದುರಾಳಿಯ ಕೋಟೆ ಇಟ್ಟುಕೊಂಡು ಯಾವ ರಾಜನೂ ನಿದ್ದೆ ಮಾಡಲಾರ. ಆದರೆ ವಿಜಯಪುರದಲ್ಲಿ ಕೂತವನಿಗೂ ಇದೇ ಮಾತು ಅನ್ವಯಿಸುತ್ತದೆ. ಇಬ್ಬರಿಗೂ ಒಪ್ಪುವ ಕಾರಣ ಒಬ್ಬನ ಪರವಾಗಿ ತೀರ್ಪು ಕೊಡಲಾರದು.

ಮಸ್ಕಿಯಲ್ಲಿ ಅಶೋಕನ ಶಾಸನ ನೋಡಲು ಬಂಡೆಗಳ ನಡುವೆ ಹತ್ತಿ ಹೋಗಬೇಕು. 1915ರಲ್ಲಿ ಇದನ್ನು ಕಂಡುಹಿಡಿದವನು ಬೀಡನ್ ಎಂಬ ಗಣಿ ಎಂಜಿನಿಯರ್. ಅವನು ಚಿನ್ನ ಹುಡುಕುತ್ತಿದ್ದವನು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ ಅಂತ ಇತ್ತು. ಇಲ್ಲಿ ಅಶೋಕ ಅಂತ ಹೆಸರೇ ಸಿಕ್ಕಿತು. ಇಡೀ ಇತಿಹಾಸಕ್ಕೆ ಒಂದು ಬೀಗದ ಕೈ ಸಿಕ್ಕಿತು.

ಯುದ್ಧ ಸರಿಯಾ ತಪ್ಪಾ ಎಂದು ಕಿತ್ತಾಡುತ್ತ ಬಂದವರು ಅಶೋಕನ ಮುಂದೆ ನಿಂತರೆ ಏನಾಗುತ್ತೆ? ಗೆಳೆಯ ಕಳಿಂಗದ ಮಾತು ತೆಗೆದ. ನೆಲಕ್ಕಾಗಿ ಯುದ್ಧ ಮಾಡಿ, ಗೆದ್ದು, ತಪ್ಪಾಯಿತು ಅಂತ ಕಲ್ಲಿನಲ್ಲಿ ಬರೆಸಿದ ರಾಜ ಬೇರೆ ಯಾರಿದ್ದಾರೆ ಅಂತ. ಮಾವ ಮುಗುಳ್ನಕ್ಕರು. "ಮಸ್ಕಿಯಲ್ಲಿ ಕಳಿಂಗದ ಮಾತೇ ಇಲ್ಲ ಕಣಯ್ಯ. ಅದು ಇರೋದು ಹದಿಮೂರನೇ ಶಾಸನದಲ್ಲಿ. ಇನ್ನೊಂದು ಗೊತ್ತಾ? ಕಳಿಂಗದ ಒಳಗೇ ಇರೋ ಧೌಲಿ, ಜೌಗಡದಲ್ಲಿ ಆ ಹದಿಮೂರನೇ ಶಾಸನ ಕೆತ್ತಿಸಲೇ ಇಲ್ಲ. ಪಶ್ಚಾತ್ತಾಪ ಎಲ್ಲ ಕಡೆ ಹೇಳ್ಕೊಂಡ, ಪೆಟ್ಟು ತಿಂದವರ ಊರಲ್ಲಿ ಮಾತ್ರ ಹೇಳಲಿಲ್ಲ. ಗೆದ್ದ ನೆಲ ವಾಪಸ್ಸೂ ಕೊಡಲಿಲ್ಲ."

ಈ ಸುತ್ತು ಮೇಷ್ಟ್ರದ್ದು. ಗೆಳೆಯ ನೀರಿನ ಬಾಟಲಿ ಎತ್ತಿದ.

ಮುದಗಲ್ಲಿಗೆ ಬಂದಾಗ ಮಧ್ಯಾಹ್ನ. ಕೋಟೆಯ ಸುತ್ತ ಅಗಲವಾದ ಕಂದಕ, ಅದರಲ್ಲಿ ನೀರು. ದಪ್ಪ ಬುರುಜುಗಳು. ಒಳಗೆ ಈಗಲೂ ಮನೆಗಳಿವೆ, ಬಟ್ಟೆ ಒಣಗುತ್ತಿವೆ, ಮಕ್ಕಳು ಓಡಾಡುತ್ತಾರೆ. ದೋಆಬಿನ ಯುದ್ಧಗಳ ಅತ್ಯಂತ ಕೆಟ್ಟ ಕಥೆ ನಡೆದದ್ದು ಇಲ್ಲಿ. 1366ರಲ್ಲಿ ಬುಕ್ಕರಾಯನ ದಂಡು ಮುದಗಲ್ಲು ಹಿಡಿದು ಕಾವಲಿನವರನ್ನೆಲ್ಲ ಕೊಂದಿತು ಅಂತ ಫಿರಿಶ್ತಾ ಹೇಳುತ್ತಾನೆ. ಒಬ್ಬನೇ ತಪ್ಪಿಸಿಕೊಂಡು ಸುದ್ದಿ ಒಯ್ದ. ಬಹಮನಿ ಸುಲ್ತಾನ ಮುಹಮ್ಮದ್ ಶಾ ಆ ಒಬ್ಬನನ್ನೂ ಕೊಲ್ಲಿಸಿದ. ಅಷ್ಟು ಜನ ಸಂಗಾತಿಗಳ ಸಾವು ಕಣ್ಣಾರೆ ನೋಡಿ ಬದುಕಿ ಬಂದವನ ಮುಖ ನೋಡಲಾರೆ ಅಂತ. ಆಮೇಲೆ ಲಕ್ಷ ಜನರನ್ನು ಕೊಲ್ಲುವವರೆಗೆ ಕತ್ತಿ ಒರೆಗೆ ಹಾಕುವುದಿಲ್ಲ ಅಂತ ಆಣೆ. ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳನ್ನೂ ಬಿಡಲಿಲ್ಲ. ಕೊನೆಗೆ ವಿಜಯನಗರದ ದೂತರು ಹೋಗಿ ಮಾತಾಡಿದರು. ಇನ್ನು ಮುಂದೆ ಆಯುಧ ಹಿಡಿಯದವರನ್ನು ಕೊಲ್ಲಬಾರದು ಅಂತ ಎರಡೂ ಕಡೆ ಮಾತಾಯಿತು.

ಫಿರಿಶ್ತಾನ ಅಂಕಿಗಳಲ್ಲಿ ಉತ್ಪ್ರೇಕ್ಷೆ ಬಹಳ. ಆದರೂ ಆ ಕೊನೆಯ ಮಾತು ನೋಡಿ. ಯುದ್ಧ ಯಾಕೆ ಅನ್ನುವುದರ ಬಗ್ಗೆ ಇನ್ನೂರು ವರ್ಷ ಅವರಿಗೆ ಒಮ್ಮತ ಆಗಲಿಲ್ಲ. ಯುದ್ಧ ಹೇಗೆ ಅನ್ನುವುದರ ಬಗ್ಗೆ ಒಂದು ಮಾತಿಗಾದರೂ ಬಂದರು.

1406ರ ಕಥೆಯೂ ಮುದಗಲ್ಲಿನದ್ದೇ. ಅಕ್ಕಸಾಲಿಗನ ಚೆಲುವೆ ಮಗಳೊಬ್ಬಳ ಸುದ್ದಿ ಕೇಳಿ ಒಂದನೇ ದೇವರಾಯ ಆಸೆಪಟ್ಟ. ಆಕೆ ಒಲ್ಲೆ ಅಂದಳು. ಹಿಡಿದು ತರಲು ದಂಡು ಕಳಿಸಿದ. ಆ ಮನೆಯವರು ಓಡಿಹೋಗಿದ್ದರು, ದಂಡು ಸುತ್ತಲ ಹಳ್ಳಿ ಲೂಟಿ ಮಾಡಿತು. ಇದನ್ನೇ ನೆಪ ಮಾಡಿಕೊಂಡು ಬಹಮನಿ ಸುಲ್ತಾನ ಫಿರೋಜ್ ಶಾ ಯುದ್ಧಕ್ಕೆ ಬಂದ. ಕೊನೆಗೆ ದೇವರಾಯ ತನ್ನ ಮಗಳನ್ನು ಸುಲ್ತಾನನಿಗೆ ಕೊಟ್ಟು, ಬಂಕಾಪುರವನ್ನು ಬಿಟ್ಟುಕೊಟ್ಟ. ಇದೂ ಫಿರಿಶ್ತಾ ಹೇಳಿದ್ದೇ. ಮಾವ "ಕಟ್ಟುಕಥೆ" ಅಂತ ತಳ್ಳಿಹಾಕಿದರು. ಇರಬಹುದು. ಆದರೆ ಸಂಗೀತಗಾರರ ಸಂಭಾವನೆ (1366ರ ಯುದ್ಧಕ್ಕೆ ಫಿರಿಶ್ತಾ ಹೇಳುವ ನೆಪ), ಅಕ್ಕಸಾಲಿಗನ ಮಗಳು, ಕುದುರೆ ವ್ಯಾಪಾರಿ. ಪ್ರತಿ ಯುದ್ಧಕ್ಕೂ ಹೊಸ ನೆಪ, ಹಿಡಿಯಲು ಹೋಗುವುದು ಮಾತ್ರ ಅವೇ ಎರಡು ಕೋಟೆ.

ಮುದಗಲ್ಲಿನ ಮೊಹರಂ ಬಹಳ ಪ್ರಸಿದ್ಧ. ಹಿಂದೂ ಮುಸ್ಲಿಂ ಎನ್ನದೆ ಸುತ್ತಲ ಊರಿನವರೆಲ್ಲ ಹುಸೇನಿ ಆಲಂಗೆ ಸೇರುತ್ತಾರೆ. ಡ್ರೈವರ್ ಕೂಡ ಪ್ರತಿ ವರ್ಷ ಬರುತ್ತಾರಂತೆ, ಹರಕೆ ಇದೆಯಂತೆ. ನಮ್ಮ ವಾದವನ್ನು ಎರಡು ದಿನದಿಂದ ಕೇಳುತ್ತಿದ್ದವರು ಇಲ್ಲಿ ಬಾಯಿ ಬಿಟ್ಟರು. "ಸರ, ನೀವು ರಾಯ ಸರಿ, ಸುಲ್ತಾನ ಸರಿ ಅಂತೀರಿ. ನಮ್ಮ ಹಳ್ಯಾಗ ಆವಾಗ ಇದ್ದೋರ್ನ ಯಾರರ ಕೇಳಿದ್ರೇನ್ರಿ?"

ಇಬ್ಬರಿಗೂ ಉತ್ತರ ಇರಲಿಲ್ಲ. ಇರಲೂ ಸಾಧ್ಯವಿಲ್ಲ. ಇದೇ ದೋಆಬ್ 1853ರಲ್ಲಿ ಒಂದು ಗುಂಡೂ ಹಾರದೆ ಕೈ ಬದಲಾಯಿಸಿತು. ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಖರ್ಚಿನ ಬಾಕಿಗೆ ನಿಜಾಮರು ಬ್ರಿಟಿಷರಿಗೆ ವಹಿಸಿಕೊಟ್ಟರು. 1860ರಲ್ಲಿ ಅದು ವಾಪಸ್ ಬಂತು. ಆಗಲೂ ಹಳ್ಳಿಯವರನ್ನು ಯಾರೂ ಕೇಳಲಿಲ್ಲ, ಆದರೆ ಯಾರೂ ಸಾಯಲಿಲ್ಲ.

ರಾತ್ರಿ ಲಿಂಗಸುಗೂರಿನ ಲಾಡ್ಜ್. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಸುಸ್ತಿಗೆ ಜಗಳವೂ ಮಲಗಿತು.

ಭಾನುವಾರ, ತಂಗಡಗಿ

ಕೃಷ್ಣೆಯ ಸೇತುವೆ ದಾಟಿ ತಂಗಡಗಿಗೆ ಬಂದೆವು. ಬಸವಣ್ಣನವರ ಮಡದಿ ನೀಲಮ್ಮನವರ ಕ್ಷೇತ್ರ. ಜನ ಬರುವುದು ಅವರ ದರ್ಶನಕ್ಕೆ. ಯುದ್ಧ ನೋಡಲು ಬಂದವರು ನಾವು ಮೂವರೇ. ವಿಜಯನಗರ ಸುಲ್ತಾನರ ಎದುರು ಸೋತ 1565ರ ಜನವರಿ 23ರ ಯುದ್ಧಕ್ಕೆ ರಕ್ಕಸಗಿ, ತಂಗಡಗಿ ಎಂಬ ಊರುಗಳಿಂದಲೇ ರಕ್ಕಸತಂಗಡಿ ಅನ್ನುವ ಹೆಸರು ಬಂತು. ಆದರೆ ಇಂಥ ಹೊಲದಲ್ಲೇ ನಡೆಯಿತು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಜಾಗದ ಬಗ್ಗೆ ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಮೇಲಾಗಿ ಈಗ ಇಲ್ಲಿ ನಿಂತಿರುವುದು ನಾರಾಯಣಪುರ ಜಲಾಶಯದ ಹಿನ್ನೀರು. ದಂಡುಗಳು ದಾಟಿದ ನದಿ ಇದಲ್ಲ.

ಇಲ್ಲಿಗೆ ಬರಲು ಗೆಳೆಯನದ್ದೇ ಹಟ. ಯಾಕೆ ಅಂತ ಆಮೇಲೆ ಹೇಳಿದ. ರಾಯಚೂರು ಗೆದ್ದ ಮೇಲೆ ರಾಯ ಏನು ಮಾಡಿದ? ಸೋತ ಇಸ್ಮಾಯಿಲ್ ದೂತನನ್ನು ಕಳಿಸಿ, ತನ್ನ ಫಿರಂಗಿ, ಆನೆ, ರಾಯಚೂರು ವಾಪಸ್ ಕೊಡಿ, ಸ್ನೇಹವಾಗಿರೋಣ ಅಂದ. ಬಂದು ನನ್ನ ಪಾದಕ್ಕೆ ಮುತ್ತಿಡಲಿ, ಎಲ್ಲ ವಾಪಸ್ ಕೊಡುತ್ತೇನೆ ಅಂತ ರಾಯ ಹೇಳಿಕಳಿಸಿದ. ಗಡಿಗೆ ಬಂದು ಕಾದ. ಸುಲ್ತಾನ ಬರಲಿಲ್ಲ. ರಾಯನ ದಂಡು ವಿಜಯಪುರಕ್ಕೇ ನುಗ್ಗಿತು. ಅಲ್ಲಿ ಮನೆಗಳ ಮರ ಕಿತ್ತು ಸೌದೆ ಮಾಡಿಕೊಂಡಿತು, ಊರು ಹಾಳಾಯಿತು. ಸೆರೆಸಿಕ್ಕಿದ್ದ ಸಲಾಬತ್ ಖಾನ್ ಎಂಬ ಆದಿಲ್ ಶಾಹಿ ಸೇನಾಪತಿಯನ್ನು, ಅದೇ ಕಡೆಯ ಸರದಾರ ಅಸದ್ ಖಾನನ ಚಾಡಿ ಮಾತು ಕೇಳಿ ರಾಯ ಕೊಲ್ಲಿಸಿದ. ಇದೆಲ್ಲ ನ್ಯೂನಿಜ್ ಬರೆದದ್ದು. ಅವನಿಗೆ ರಾಯನ ಮೇಲೆ ದ್ವೇಷ ಏನೂ ಇರಲಿಲ್ಲ.

"ಕೋಟೆ ನಿಮ್ಮದು ಅಂದಿರಿ, ಒಪ್ಪಿದೆ. ಒಪ್ಪಂದ ಮುರಿದರು ಅಂದಿರಿ, ಅರ್ಧ ಒಪ್ಪಿದೆ. ಪಾದಕ್ಕೆ ಮುತ್ತು ಯಾವ ಕಲಂ ಅಡಿಯಲ್ಲಿ ಬರುತ್ತೆ, ಮೇಷ್ಟ್ರೇ? ಅಲ್ಲೇ ಒಂದು ಗೊತ್ತಾಯ್ತು. ಮುತ್ತಿಟ್ರೆ ರಾಯಚೂರು ವಾಪಸ್ ಕೊಡೋಕೆ ರಾಜಿಯಿದ್ದ ಅಂದ್ರೆ, ರಾಯಚೂರು ಅಷ್ಟು ಅಗತ್ಯ ಇರಲಿಲ್ಲ."

ಇದು ಈ ಪ್ರವಾಸದಲ್ಲಿ ಕೇಳಿದ ಅತಿ ಚುರುಕಾದ ಮಾತು. ಗಡಿಯ ಭದ್ರತೆಗೆ ಕೋಟೆ ಬೇಕೇಬೇಕು ಎನ್ನುವ ವಾದದ ಬುಡಕ್ಕೇ ಕೊಡಲಿ. ನಾನು ಶನಿವಾರ ಗಟ್ಟಿ ಅಂದುಕೊಂಡದ್ದೂ ಇಲ್ಲಿ ಅಲ್ಲಾಡಿತು. ಮಾವ ನೀರನ್ನೇ ನೋಡುತ್ತಾ, "ಅದು ರಾಜತಂತ್ರದ ಮಾತು, ನಿಜವಾಗಿ ಕೊಡ್ತಿರಲಿಲ್ಲ" ಅಂದರು. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

ಮುಂದಿನದ್ದು ಎಲ್ಲರಿಗೂ ಗೊತ್ತಿರುವುದು. ರಾಯ 1529ರಲ್ಲಿ ತೀರಿಕೊಂಡ. 1530ರಲ್ಲೇ ಇಸ್ಮಾಯಿಲ್ ರಾಯಚೂರು, ಮುದಗಲ್ಲು ಎರಡನ್ನೂ ವಾಪಸ್ ತಗೊಂಡ. ಗೆಲುವು ಉಳಿದದ್ದು ಹತ್ತು ವರ್ಷ. ಆಮೇಲೆ ಕೋಟೆಗಳು ಮತ್ತೆ ಕೈ ಬದಲಾಯಿಸಿದವು. ಆಮೇಲೆ ವಿಜಯನಗರದ ಆಡಳಿತ ಹಿಡಿದ ರಾಮರಾಯನ ಕಾಲಕ್ಕೆ ಬಂದರೆ, 1565ರ ಯುದ್ಧಕ್ಕೆ ಮುಂಚೆ ಅಲಿ ಆದಿಲ್ ಶಾ ದೂತನ ಮೂಲಕ ವಾಪಸ್ ಕೇಳಿದ ಕೋಟೆಗಳು ಯಾವುವು ಗೊತ್ತಾ? ಯಾದಗಿರಿ, ಬಾಗಲಕೋಟೆ, ರಾಯಚೂರು, ಮುದಗಲ್ಲು. ರಾಮರಾಯ ದೂತನನ್ನು ಅವಮಾನ ಮಾಡಿ ಅಟ್ಟಿದ. ಸುಲ್ತಾನರು ಒಂದಾದರು.

1520ರ ಗೆಲುವೇ 1565ರ ಸೋಲಿಗೆ ಕಾರಣ ಅಂತ ಗೆಳೆಯ ಎಳೆದ. ಇದನ್ನು ನಾನು ಒಪ್ಪುವುದಿಲ್ಲ. ನಡುವೆ ನಲವತ್ತೈದು ವರ್ಷ ಇದೆ. ರಾಮರಾಯ ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನನ್ನು ಹೊಡೆಯುವ ಆಟ ಆಡಿದ್ದು ಅವನದೇ ಲೆಕ್ಕ. ಮಾಡಿದವನ ತಪ್ಪು ಮಾಡಿದವನಿಗೇ ಇರಲಿ.

ಇಳಕಲ್, ಕುಷ್ಟಗಿ ಮೇಲೆ ಹೊಸಪೇಟೆಗೆ ಬಂದು ಸೇರಿದಾಗ ರಾತ್ರಿ ಎಂಟು. ದಾರಿಯಲ್ಲಿ ಹೇಳುವಂಥದ್ದೇನೂ ಇಲ್ಲ, ಹೈವೇ ಒಳ್ಳೆಯದಿದೆ.

ಸೋಮವಾರ, ಹಂಪಿ

ಹಂಪಿಯಲ್ಲಿ ಎಲ್ಲ ನೋಡಲು ಹೋಗಲಿಲ್ಲ. ಬಾಲಕೃಷ್ಣನ ಗುಡಿಗೆ ಹೋದೆವು. ಉದಯಗಿರಿ ಗೆದ್ದು ಅಲ್ಲಿಂದ ತಂದ ಬಾಲಕೃಷ್ಣನನ್ನು ಇಡಲು ರಾಯ ಕಟ್ಟಿಸಿದ ಗುಡಿ. ಮೂರ್ತಿ ಈಗ ಚೆನ್ನೈ ಮ್ಯೂಸಿಯಂನಲ್ಲಿದೆ. ಪೂರ್ವದ ಗೋಪುರದ ಮೇಲೆ ಗಾರೆಯ ಶಿಲ್ಪಗಳಲ್ಲಿ ಯುದ್ಧ ಇದೆ. ಢಾಲು ಹಿಡಿದ ಸೈನಿಕರು, ಕುದುರೆ, ಆನೆ. ಮಳೆ ಬಿಸಿಲಿಗೆ ಅರ್ಧ ಉದುರಿವೆ. ಮುಖಗಳು ಸವೆದಿದ್ದರೂ ಕಾಲುಗಳ ಓಟ ಗೊತ್ತಾಗುತ್ತದೆ.

ಮಾವ ಅಲ್ಲಿ ತಮ್ಮ ಕೊನೆಯ ವಾದ ಮಂಡಿಸಿದರು. ಕೃಷ್ಣದೇವರಾಯನೇ ತೆಲುಗಿನಲ್ಲಿ ಬರೆದ ಆಮುಕ್ತಮಾಲ್ಯದದಲ್ಲಿ ರಾಜನೀತಿಯ ಮಾತುಗಳಿವೆ. ದೂರದೇಶದಿಂದ ಆನೆ, ಕುದುರೆ ತರುವ ವ್ಯಾಪಾರಿಗಳನ್ನು ದಿನಾ ಮಾತಾಡಿಸಿ, ಉಡುಗೊರೆ ಕೊಟ್ಟು, ಒಳ್ಳೆ ಲಾಭ ಬಿಟ್ಟು ಹತ್ತಿರ ಇಟ್ಟುಕೋ, ಆಗ ಆ ಸರಕು ಶತ್ರುವಿಗೆ ಹೋಗುವುದಿಲ್ಲ ಅಂತ. "ಸೈಯದ್ ಮರಕ್ಕಾರ್ ಬರೀ ಸಾಲಗಾರ ಅಲ್ಲ. ಕುದುರೆ ಅಂದ್ರೆ ಆಗಿನ ಕಾಲಕ್ಕೆ ಸೈನ್ಯದ ಜೀವ. ಅದು ಬರೋ ದಾರಿ ಗೋವಾ. ಆ ದಾರಿಗೆ ಅಡ್ಡ ಕೂತವನು ಆದಿಲ್ ಶಾ. ನಿನ್ನ ನೂರಿಪ್ಪತ್ತು ಕುದುರೆ ಲೆಕ್ಕ ಸರಿ. ಆದ್ರೆ ಪ್ರಶ್ನೆ ಮುಂದಿನ ಎಲ್ಲಾ ಕುದುರೆಗಳದ್ದು."

ಗೆಳೆಯ ತಲೆಯಾಡಿಸಿದ. ಈ ವಾದದಲ್ಲಿ ತೂಕ ಇದೆ. ಆದರೆ ಲಾಭ ಆಗಿದ್ದು ಯಾರಿಗೆ? ರಾಯ, ಸುಲ್ತಾನ ಇಬ್ಬರೂ ರಾಯಚೂರಿನಲ್ಲಿ ತೊಡಗಿದ್ದಾಗ ಗೋವಾದ ಪೋರ್ಚುಗೀಸ್ ನಾಯಕ ರುಯಿ ದ ಮೆಲೊ ಅಲ್ಲಿನ ಒಳನಾಡನ್ನು ಆದಿಲ್ ಶಾಹಿಗಳಿಂದ ಕಸಿದುಕೊಂಡ. ಕುದುರೆ ದಾರಿಯ ಬಾಗಿಲು ಇನ್ನಷ್ಟು ಅವರ ಕೈಗೇ ಹೋಯಿತು.

ನನ್ನ ತೀರ್ಪು ಏನು ಅಂತ ಇಬ್ಬರೂ ಕೇಳಿದರು. ಹೇಳಿದೆ. ರಾಯಚೂರಿನ ಮೇಲೆ ಹೋದದ್ದಕ್ಕೆ ರಾಯ ಕೊಟ್ಟ ಕಾರಣ ಸಾಲದು. ಒಳಗಿನ ಕಾರಣ, ಅಂದರೆ ಗಡಿಯ ಭಯ, ಕುದುರೆಯ ದಾರಿ, ಹಿಂದಿನವರ ಆಸೆ, ಇವೆಲ್ಲ ಅರ್ಥವಾಗುತ್ತವೆ. ಅರ್ಥವಾಗುತ್ತದೆ ಅಂದ ಮಾತ್ರಕ್ಕೆ ಸರಿ ಅಂತ ಅಲ್ಲ. ಆದರೆ ಶರಣಾದ ರಾಯಚೂರಿನೊಳಗೆ ರಾಯ ಕಾಲಿಟ್ಟಾಗ ಜನರ ಆಸ್ತಿಗೆ ಕೈ ಹಾಕಬಾರದು ಅಂತ ಅಭಯ ಕೊಟ್ಟ, ಲೂಟಿ ತಡೆದ. ನದಿಯಲ್ಲಿ ಸಾಯುತ್ತಿದ್ದವರನ್ನು ನೋಡಿ ಸಾಕು ಅಂದ. ಅಲ್ಲಿಗೆ ನಿಲ್ಲಿಸಿದ್ದರೆ ಮಾವನ ಪರ ಅರ್ಧ ತೀರ್ಪಾದರೂ ಕೊಡುತ್ತಿದ್ದೆ. ಪಾದಕ್ಕೆ ಮುತ್ತು ಕೇಳಿ, ವಿಜಯಪುರದ ಮನೆಗಳ ಮರ ಕೀಳಿಸಿ, ಅವನೇ ತನ್ನ ಕೇಸು ಕೆಡಿಸಿಕೊಂಡ.

"ಅಂದ್ರೆ ನಾನು ಸೋತೆ ಅಂತ ಹೇಳ್ತಾ ಇದ್ದೀಯಾ?" ಮಾವ ಕೇಳಿದರು.

"ನೀವಿಬ್ರೂ ಅಲ್ಲ ಮಾವ, ರಾಯ."

ಮಾವ ಒಪ್ಪಲಿಲ್ಲ. ತೀರ್ಪು ಏಕಪಕ್ಷೀಯ, ಎದುರು ಪಾರ್ಟಿಯ ವಿಚಾರಣೆಯೇ ಆಗಿಲ್ಲ ಅಂದರು. ಆದಿಲ್ ಶಾಹಿಗಳ ಮೊದಲ ಸುಲ್ತಾನರ ಗೋರಿಗಳು ಇರುವುದು ವಿಜಯಪುರದಲ್ಲಲ್ಲ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ. ಯೂಸುಫ್, ಇಸ್ಮಾಯಿಲ್ ಇಬ್ಬರೂ ಅಲ್ಲೇ. ಬೇಸಿಗೆ ಕಳೆದ ಮೇಲೆ ಅಲ್ಲಿಗೆ ಹೋಗಬೇಕಂತೆ. ಈ ಸಲ ಇಸ್ಮಾಯಿಲ್ ಪರ ವಕಾಲತ್ತು ಮಾವನದ್ದೇ, ರಾಯನ ಪರ ವಾದಿಸುವುದು ನನ್ನ ಗೆಳೆಯ. ವಕೀಲ ಫೀಸು ಎಷ್ಟು ಅಂತ ಕೇಳಿದ. ಒಂದು ಪ್ಲೇಟ್ ಒಗ್ಗರಣೆ ಮಿರ್ಚಿಗೆ ಒಪ್ಪಂದ ಆಯಿತು.